ಅಡುಗೆಮನೆಯ ಗಣಕವೂ ಶ್ರಾವಕನ ನಿಯಮವೂ

ಶ್ರಾವಕನ ಆಚಾರಕ್ಕೆ ಮೊದಲ ಪಾಠಶಾಲೆ ಅವನ ಮನೆಯ ಅಡುಗೆಮನೆ. ನೀರನ್ನು ಸೋಸುವುದು, ಧಾನ್ಯವನ್ನು ಕಣ್ಣಿಟ್ಟು ಆರಿಸುವುದು, ಹಿಟ್ಟಿನ ಡಬ್ಬಿಯ ದಿನಗಳನ್ನು ಎಣಿಸುವುದು, ಸೂರ್ಯನಿರುವಾಗಲೇ ಊಟ ಮುಗಿಸುವುದು – ಅಹಿಂಸಾಣುವ್ರತದ ಈ ಅಕ್ಷರಾಭ್ಯಾಸವನ್ನು ನಮ್ಮಲ್ಲಿ ಬಹುಪಾಲು ಜನರು ಗ್ರಂಥ ಓದಿ ಕಲಿತವರಲ್ಲ. ತಾಯಿ, ಅಜ್ಜಿಯರ ಕೈಗಳನ್ನು ನೋಡಿ ಕಲಿತವರು. ಆದುದರಿಂದ ಅಡುಗೆಮನೆಗೆ ಹೊಸದೊಂದು ಉಪಕರಣ ಬಂದಾಗ, ಅದು ಕೇವಲ ಅನುಕೂಲದ ವಿಷಯವೆಂದು ತಳ್ಳಿಹಾಕದೆ, ಅದರ ಗುಣದೋಷಗಳನ್ನು ವಿಚಾರಿಸುವುದು ಉಚಿತವೆಂದು ನನ್ನ ಭಾವನೆ.

ಈ ಲೇಖನಕ್ಕೆ ಎರಡು ನಿಮಿತ್ತಗಳಿವೆ. ಒಂದು, ಪರ್ವಕಾಲದ ಸಾಮೂಹಿಕ ಭೋಜನದ ಸಿದ್ಧತೆಯನ್ನು ಇನ್ನು ಮುಂದೆ ಪಾಕವಿಧಾನಗಳನ್ನು ನಿರ್ವಹಿಸುವ ತಂತ್ರಾಂಶದ ಮೂಲಕ ನಡೆಸಬೇಕೆಂದು ನಮ್ಮ ತರುಣರು ಬಸದಿಯ ವಿಶ್ವಸ್ತ ಮಂಡಳಿಗೆ ಸಲಹೆ ನೀಡಿದ್ದಾರೆ. ಅಭಿಪ್ರಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಇನ್ನೊಂದು, ನನ್ನ ಸೊಸೆ ಒಂದು ವರ್ಷದಿಂದ ಅಂಥದೇ ತಂತ್ರಾಂಶವನ್ನು ನಮ್ಮ ಚನ್ನಗಿರಿಯ ಮನೆಯಲ್ಲಿ ಬಳಸುತ್ತಿದ್ದಾಳೆ. ಅದರ ಲಾಭವನ್ನೂ ಒಂದು ಪ್ರಮಾದವನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ನಾನು ಬಿ.ಕಾಂ. ಓದಿ ದಿನಸಿ ವ್ಯಾಪಾರದಲ್ಲಿ ಆಯುಷ್ಯ ಕಳೆದವನು. ಗಣಕಶಾಸ್ತ್ರ ನನಗೆ ತಿಳಿಯದು. ಆದರೆ ಲೆಕ್ಕದ ಪುಸ್ತಕ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದು ಸ್ವಲ್ಪಮಟ್ಟಿಗೆ ತಿಳಿದಿದೆ.

ಮೊದಲು ವಸ್ತುವಿನ ಪರಿಚಯ. ಅಡುಗೆಮನೆಗೆ ಗಣಕವನ್ನು ತರುವ ಆಸೆ ಹೊಸದಲ್ಲ. 1969ರಲ್ಲಿ ಅಮೆರಿಕದ ನೀಮನ್ ಮಾರ್ಕಸ್ ಎಂಬ ಅಂಗಡಿಯವರು ಹನಿವೆಲ್ ಕಂಪನಿಯ ಒಂದು ಗಣಕಕ್ಕೆ ತರಕಾರಿ ಹೆಚ್ಚುವ ಹಲಗೆಯನ್ನು ಜೋಡಿಸಿ, ಗೃಹಿಣಿಯರು ಪಾಕವಿಧಾನಗಳನ್ನು ಕೂಡಿಡಲು ಇದನ್ನು ಕೊಳ್ಳಬಹುದೆಂದು 10,600 ಡಾಲರ್ ಬೆಲೆಗೆ ಜಾಹೀರು ಮಾಡಿದರು. ಒಂದಾದರೂ ಮಾರಾಟವಾಯಿತೆಂಬುದಕ್ಕೆ ದಾಖಲೆಯಿಲ್ಲ. ಇಂದು ಅದೇ ಕೆಲಸ ಅಂಗೈಯ ಮೊಬೈಲಿನಲ್ಲಿ ಅಲ್ಪ ವೆಚ್ಚಕ್ಕೆ, ಕೆಲವೊಮ್ಮೆ ವೆಚ್ಚವೇ ಇಲ್ಲದೆ ಆಗುತ್ತದೆ. ಒಂದು ಅಡುಗೆಯ ಸಾಮಾನು, ಪ್ರಮಾಣ, ಕ್ರಮಗಳನ್ನು ಒಮ್ಮೆ ಬರೆದಿಟ್ಟರೆ ಸಾಕು. ನಾಲ್ವರ ಪ್ರಮಾಣವನ್ನು ನಲವತ್ತು ಜನರಿಗೆ ಏರಿಸುತ್ತದೆ, ವಾರದ ಏಳು ದಿನಗಳ ಕೋಷ್ಟಕದಲ್ಲಿ ಊಟಗಳನ್ನು ಹೊಂದಿಸುತ್ತದೆ, ಆ ವಾರಕ್ಕೆ ಬೇಕಾದ ಸಾಮಾನಿನ ಚೀಟಿಯನ್ನು ತಾನೇ ಬರೆದುಕೊಡುತ್ತದೆ.

ಇದರ ಗುಣಗಳನ್ನು ಮರೆಮಾಡುವುದು ಸತ್ಯಾಣುವ್ರತಕ್ಕೆ ಒಪ್ಪುವುದಿಲ್ಲ. ನನ್ನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅನೇಕರು ಮನೆಯಲ್ಲಿ ಇದ್ದದ್ದನ್ನೇ ಮತ್ತೆ ಕೊಳ್ಳುತ್ತಾರೆ. ಹಳೆಯ ಬೇಳೆಯಲ್ಲಿ ಹುಳು ಬೀಳುತ್ತದೆ, ರವೆಯಲ್ಲಿ ಬಲೆ ಕಟ್ಟುತ್ತದೆ, ಕೊನೆಗೆ ಅದು ಬಿಸಿಲಿಗೋ ತಿಪ್ಪೆಗೋ ಹೋಗುತ್ತದೆ. ಹೆಚ್ಚು ಸಂಗ್ರಹಿಸಿದವನು ಪರಿಗ್ರಹದ ಜೊತೆಗೆ ಹಿಂಸೆಯನ್ನೂ ಸಂಗ್ರಹಿಸುತ್ತಾನೆ. ಸೊಸೆ ಚೀಟಿ ನೋಡಿ ಕೊಳ್ಳತೊಡಗಿದ ಮೇಲೆ ನಮ್ಮ ಮನೆಯ ಉಗ್ರಾಣದಲ್ಲಿ ಹುಳು ಬಿದ್ದ ಡಬ್ಬಿಯನ್ನು ನಾನು ಕಂಡಿಲ್ಲ. ಯತ್ನಾಚಾರಕ್ಕೆ ಇದೊಂದು ಸಹಾಯವೇ ಸರಿ. ಬಸದಿಯ ಭೋಜನದಲ್ಲಿಯೂ ತಲೆಯೆಣಿಕೆ ತಿಳಿದು ಅಡುಗೆಯಿಟ್ಟರೆ ಉಳಿದು ಚೆಲ್ಲುವುದು ತಪ್ಪುತ್ತದೆ.

ಪ್ರಮಾಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಈ ತಂತ್ರಾಂಶಗಳಿಗೆ ಪರದೇಶದ ‘ಕಪ್ಪು’ ಪರಿಚಿತ. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರು, ಇತರ ಕೆಲವು ದೇಶಗಳದು 250. ನಮ್ಮ ಹಿರಿಯರ ಟಿಪ್ಪಣಿಗಳಲ್ಲಿರುವುದು ಪಾವು, ಸೇರು, ಚಟಾಕು. 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಅಂಗಡಿಗೆ ಬಂದರೂ ಅಡುಗೆಮನೆಯಲ್ಲಿ ಪಾವು ಇಂದಿಗೂ ಉಳಿದಿದೆ. ಅಕ್ಕಿಯ ಪಾವಿಗೂ ಅವಲಕ್ಕಿಯ ಪಾವಿಗೂ ತೂಕ ಒಂದೇ ಅಲ್ಲ. ನಾಲ್ವರ ಉಪ್ಪು ಖಾರವನ್ನು ಹತ್ತರಿಂದ ಗುಣಿಸಿದರೆ ನಲವತ್ತು ಜನರ ಸಾರು ಹದವಾಗುವುದಿಲ್ಲವೆಂಬುದನ್ನು ದೊಡ್ಡ ಅಡುಗೆ ಮಾಡಿದ ಯಾರಾದರೂ ಹೇಳಬಲ್ಲರು. ಆದರೆ ಇವೆಲ್ಲ ತಿದ್ದಿಕೊಳ್ಳಬಹುದಾದ ಸಣ್ಣ ದೋಷಗಳು. ದೊಡ್ಡ ಪ್ರಶ್ನೆ ಬೇರೆಯೇ ಇದೆ.

ಕಳೆದ ದಶಲಕ್ಷಣ ಪರ್ವದಲ್ಲಿ ಹೊನ್ನಾಳಿಯಿಂದ ನನ್ನ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಎಪ್ಪತ್ತು ದಾಟಿದ ವಯಸ್ಸು. ಅನಂತ ಚತುರ್ದಶಿಯಂದು ನಿರಾಹಾರ ಉಪವಾಸ ಮಾಡಿ ಮರುದಿನ ಪಾರಣೆಗೆ ಕುಳಿತಳು. ಸೊಸೆ ಬಹಳ ಶ್ರದ್ಧೆಯಿಂದ ಅಡುಗೆ ಮಾಡಿದ್ದಳು. ಅತ್ತೆಯಾದ ನನ್ನ ಮಡದಿಗೆ ಅಂದು ಜ್ವರ; ಆದ್ದರಿಂದ ತಂತ್ರಾಂಶದಲ್ಲಿ ‘ಜೈನ್’ ಎಂಬ ಗುರುತಿರುವ ಪಾಕಗಳನ್ನಷ್ಟೇ ಆರಿಸಿ ಯೋಜನೆ ಹಾಕಿಕೊಂಡಿದ್ದಳು. ಎಲೆಯಲ್ಲಿ ಮೊಸರು ವಡೆ ಬಂದಿತು. ಅಕ್ಕ ಅದನ್ನು ನೋಡಿದಳು, ಏನೂ ಹೇಳಲಿಲ್ಲ. ಎಲೆಯ ಅಂಚಿಗೆ ಸರಿದು ನಿಂತ ಆ ವಡೆಯ ರಸ ಅನ್ನಕ್ಕೆ ತಾಗಿದ್ದರಿಂದ ಕೈ ತೊಳೆದು ಎದ್ದಳು. ಉಪವಾಸದ ಮರುದಿನವೂ ಆಕೆ ಒಂದು ಲೋಟ ಹಾಲಿನಲ್ಲಿಯೇ ಉಳಿದಳು.

ಉದ್ದು ಎರಡು ಸೀಳಾಗುವ ಕಾಳು. ಅದು ಮೊಸರಿನೊಡನೆ ಬೆರೆತರೆ ದ್ವಿದಳ ದೋಷ. ಕಾಯಿಸಿದ ಹಾಲಿನ ಮೊಸರಾದರೆ ಬಾಧೆಯಿಲ್ಲವೆನ್ನುವವರು ಇದ್ದಾರೆ. ಯಾವ ಮೊಸರಾದರೂ ಕೂಡದೆಂದು ನಡೆಯುವ ಮನೆಗಳೂ ಇವೆ. ಅಕ್ಕ ಎರಡನೆಯ ನಿಯಮವನ್ನು ತಾನಾಗಿ ತೆಗೆದುಕೊಂಡವಳು. ಸೊಸೆ ಕಣ್ಣೀರು ತುಂಬಿಕೊಂಡು, “ಹೊನ್ನಾಳಿ ಅತ್ತೆ, ಇದರಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಹಸಿಶುಂಠಿ ಕೂಡ ಹಾಕಿಲ್ಲ. ಜೈನ್ ಅಂತಲೇ ಬರೆದಿತ್ತು” ಎಂದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಈ ಘಟನೆಯೇ ನನ್ನ ವಿಮರ್ಶೆಯ ಮೂಲ. ಉದ್ದು ಭಕ್ಷ್ಯ, ಮೊಸರು ಭಕ್ಷ್ಯ. ದೋಷವಿರುವುದು ಎರಡರ ಸಂಯೋಗದಲ್ಲಿ. ತಂತ್ರಾಂಶ ಸಾಮಾನಿನ ಪಟ್ಟಿಯನ್ನು ಒಂದೊಂದಾಗಿ ನೋಡಿ, ನಿಷಿದ್ಧ ಹೆಸರು ಕಾಣದಿದ್ದರೆ ‘ಜೈನ್’ ಎಂದು ಮುದ್ರೆಯೊತ್ತುತ್ತದೆ. ಲೋಕದ ರೂಢಿಯೂ ಹಾಗೆಯೇ ಆಗಿದೆ. ವಿಮಾನಗಳ ಊಟದಲ್ಲಿ ಜೈನ ಆಹಾರಕ್ಕೆ ‘ವಿಜೆಎಂಎಲ್’ ಎಂಬ ಪ್ರತ್ಯೇಕ ಸಂಕೇತವಿದೆ. ಹೋಟೆಲುಗಳಲ್ಲಿ ‘ಜೈನ್’ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಇಲ್ಲದ್ದೆಂದು ಮಾಣಿಗೂ ಗೊತ್ತು. ಇಷ್ಟು ಮನ್ನಣೆ ಸಿಕ್ಕಿದ್ದು ಸಂತೋಷವೇ. ಆದರೆ ಮೂರು ತರಕಾರಿಗಳನ್ನು ಕಳೆದರೆ ಉಳಿಯುವ ಶೇಷವೇ ಜೈನಾಹಾರವೆಂದು ನಮ್ಮ ಮಕ್ಕಳೂ ನಂಬತೊಡಗಿದರೆ ಅದು ನಷ್ಟ.

ಇನ್ನೊಂದು ಸಂಗತಿಯನ್ನು ತರುಣರು ನನಗೆ ತೋರಿಸಿದರು. 2011ರಲ್ಲಿ ಗೂಗಲ್, ಮೈಕ್ರೋಸಾಫ್ಟ್ ಮತ್ತು ಯಾಹೂ ಸಂಸ್ಥೆಗಳು ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಪಾರಿಭಾಷಿಕ ಕೋಶವನ್ನು ಆರಂಭಿಸಿದವು. ಜಾಲದಲ್ಲಿರುವ ಪಾಕವಿಧಾನಗಳನ್ನು ಯಂತ್ರಗಳು ಓದಿಕೊಳ್ಳುವುದು ಬಹುಮಟ್ಟಿಗೆ ಇದರ ಆಧಾರದಿಂದ. ಅದರಲ್ಲಿ ‘ಈ ಅಡುಗೆ ಯಾವ ಪಥ್ಯಕ್ಕೆ ಹೊಂದುತ್ತದೆ’ ಎಂಬ ಒಂದು ಅಂಕಣವಿದೆ. ಯಹೂದ್ಯರ ಕೋಷರ್ ಇದೆ, ಮುಸಲ್ಮಾನರ ಹಲಾಲ್ ಇದೆ, ಹಿಂದೂ ಪಥ್ಯವಿದೆ, ಸಸ್ಯಾಹಾರವಿದೆ, ಮಧುಮೇಹಿಗಳ ಪಥ್ಯವಿದೆ. ಜೈನ ಪಥ್ಯವೆಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ. ತರುಣರು ಇದನ್ನು ಅನ್ಯಾಯವೆಂದರು. ಮನವಿ ಕಳುಹಿಸುವುದಾದರೆ ಕಳುಹಿಸಲಿ; ನನ್ನ ಸಹಿಯೂ ಇರಲಿ. ಆದರೆ ಆ ಹೆಸರು ಸೇರಿದ ಮರುದಿನವೂ ಅಕ್ಕನ ಎಲೆಗೆ ಮೊಸರು ವಡೆ ಬರಬಹುದು. ಏಕೆಂದರೆ ನಮ್ಮ ಆಹಾರವಿಚಾರದ ಅರ್ಧಭಾಗ ಪದಾರ್ಥದಲ್ಲಿಲ್ಲ, ಕಾಲದಲ್ಲಿದೆ ಮತ್ತು ಉಣ್ಣುವವನ ಸಂಕಲ್ಪದಲ್ಲಿದೆ.

ಕಾಲವನ್ನೇ ನೋಡೋಣ. ಗೋಧಿಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮರ್ಯಾದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಕುದಿಸಿದ ನೀರಿಗೆ 24 ಗಂಟೆ. ಇಂದು ಭಕ್ಷ್ಯವಾದ ಅದೇ ಹಿಟ್ಟು ನಾಲ್ಕನೆಯ ದಿನ ಶ್ರಾವಣದಲ್ಲಿ ತ್ಯಾಜ್ಯ, ಮಾಘದಲ್ಲಿ ಗ್ರಾಹ್ಯ. ನಮ್ಮ ಸೀಮೆಯಲ್ಲಿ ನವೆಂಬರಿನಲ್ಲಿ ಸೂರ್ಯ ಆರು ಗಂಟೆಗೆ ಮೊದಲೇ ಮುಳುಗುತ್ತಾನೆ, ಜುಲೈ ಆರಂಭದಲ್ಲಿ ಏಳರ ಸಮೀಪಕ್ಕೆ. ಯೋಜನೆಯ ಕೋಷ್ಟಕದಲ್ಲಿ ಮಾತ್ರ ‘ರಾತ್ರಿ ಊಟ’ ಎಂಬ ಮನೆ ವರ್ಷವಿಡೀ ಒಂದೇ ಸ್ಥಳದಲ್ಲಿ ಕುಳಿತಿರುತ್ತದೆ. ಕೋಷ್ಟಕಕ್ಕೆ ಸೋಮವಾರ ಮಂಗಳವಾರ ತಿಳಿದಿದೆ. ಅಷ್ಟಮಿ ಚತುರ್ದಶಿಗಳು ತಿಳಿದಿಲ್ಲ. ‘ಸಸ್ಯಾಹಾರ’ವೆಂಬ ಗುರುತಿನಡಿಯಲ್ಲಿ ಅಣಬೆ ನಿಶ್ಚಿಂತೆಯಿಂದ ಕುಳಿತಿದೆ.

ಹಾಗಾದರೆ ಪಾಕವಿಧಾನವನ್ನು ಬರೆದಿಡುವುದೇ ತಪ್ಪೆ? ಖಂಡಿತ ಅಲ್ಲ. ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಪರಂಪರೆ ಬಹಳ ಹಿಂದಿನದು. 1025ರ ಸುಮಾರಿನಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಗಂಧಯುಕ್ತಿಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಾನವಿದೆ. ಜೈನಕವಿ ಮೂರನೆಯ ಮಂಗರಸನು 1508ರ ಸುಮಾರಿನಲ್ಲಿ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದನು. ‘ನೇಮಿಜಿನೇಶಸಂಗತಿ’, ‘ಸಮ್ಯಕ್ತ್ವಕೌಮುದಿ’ಗಳನ್ನು ಬರೆದ ಕೈಯೇ ಭಕ್ಷ್ಯ, ಪಾನಕ, ಪಾಯಸಗಳ ಹದವನ್ನೂ ಬರೆಯಿತು, ಕೇವಲ ಸಸ್ಯಾಹಾರದ ಪಾಕಗಳು. ಧರ್ಮಕ್ಕೂ ರುಚಿಗೂ ವೈರವಿದೆಯೆಂದು ಅವನು ಭಾವಿಸಲಿಲ್ಲ.

ಆ ಗ್ರಂಥದಲ್ಲಿ ಬದನೆಕಾಯಿಯ ಪಾಕಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆಯೆಂಬುದನ್ನು ಗಮನಿಸಬೇಕು. ಬದನೆ ಬಹುಬೀಜವೆಂದು ಬಿಟ್ಟವರು ನಮ್ಮಲ್ಲಿ ಎಷ್ಟೋ ಜನ. ಉಣ್ಣುವ ಮನೆಗಳೂ ಇವೆ. ಜೈನಕವಿಯ ಗ್ರಂಥದಲ್ಲಿದೆಯೆಂದು ಬಿಟ್ಟವರು ಮತ್ತೆ ಉಣ್ಣತೊಡಗಲಿಲ್ಲ. ಬಿಟ್ಟವರಿದ್ದಾರೆಂದು ಮಂಗರಸನ ಗ್ರಂಥವನ್ನು ಯಾರೂ ಮೂಲೆಗೆಸೆಯಲಿಲ್ಲ. ಹಿರಿಯರು ಎರಡು ಬಗೆಯ ಗ್ರಂಥಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದರು: ಹೇಗೆ ಬೇಯಿಸಬೇಕೆಂಬುದಕ್ಕೆ ಪಾಕಶಾಸ್ತ್ರ, ಎಷ್ಟಕ್ಕೆ ನಿಲ್ಲಬೇಕೆಂಬುದಕ್ಕೆ ಶ್ರಾವಕಾಚಾರ. ಈಗಿನ ತಂತ್ರಾಂಶವು ಮೊದಲನೆಯದರ ಸಂತಾನ. ಅದಕ್ಕೆ ‘ಜೈನ್’ ಎಂಬ ಮುದ್ರೆ ಬಿದ್ದೊಡನೆ ಅದು ಎರಡನೆಯದರ ಪೀಠವನ್ನೂ ಏರಿದಂತೆ ನಮಗೆ ಭ್ರಮೆಯಾಗುತ್ತದೆ.

ಊಟದ ಯೋಜನೆಯೆಂಬುದೂ ನಮಗೆ ಹೊಸತಲ್ಲ. ಸಮಂತಭದ್ರ ಆಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗ ಪರಿಮಾಣವೆಂಬ ಗುಣವ್ರತವನ್ನು ವಿವರಿಸುವಾಗ, ಅಲ್ಪಫಲ ಬಹುವಿಘಾತದ ಹಸಿಶುಂಠಿ, ಮೂಲಂಗಿ, ಬೆಣ್ಣೆ ಮೊದಲಾದವನ್ನು ಬಿಡಲು ಹೇಳಿ, ತ್ಯಾಗವನ್ನು ಯಮ, ನಿಯಮವೆಂದು ಎರಡಾಗಿ ವಿಂಗಡಿಸಿದ್ದಾರೆ. ಆಜೀವ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಆ ಕಾಲಮಿತಿ ಇಂದಿನ ಮಟ್ಟಿಗಿರಬಹುದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನದವರೆಗಿರಬಹುದು. ಇದಕ್ಕಿಂತ ಸೂಕ್ಷ್ಮವಾದ ಆಹಾರಯೋಜನೆ ಎಲ್ಲಿದೆ? ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ವಾರದ ಒಂದೊಂದು ದಿನ ಒಂದೊಂದನ್ನು ಬಿಡುವ ಶ್ರಾವಿಕೆಯರನ್ನು ನೀವೂ ನೋಡಿರುತ್ತೀರಿ. ಅವರ ಮನಸ್ಸಿನಲ್ಲಿಯೂ ಏಳು ಮನೆಗಳ ಒಂದು ಕೋಷ್ಟಕವಿದೆ. ತಂತ್ರಾಂಶದ ಕೋಷ್ಟಕದಲ್ಲಿ ಪ್ರತಿ ಮನೆಗೂ ಏನನ್ನಾದರೂ ತುಂಬಬೇಕು. ಖಾಲಿ ಬಿಟ್ಟರೆ ಅದು ಹೊಸ ಅಡುಗೆಯೊಂದನ್ನು ಸೂಚಿಸುತ್ತದೆ. ಶ್ರಾವಿಕೆಯ ಕೋಷ್ಟಕದಲ್ಲಿ ಪ್ರತಿ ಮನೆಯಿಂದಲೂ ಏನನ್ನಾದರೂ ತೆಗೆಯಬೇಕು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಒಂದು ಜಮೆಯ ಪುಟ, ಇನ್ನೊಂದು ಖರ್ಚಿನ ಪುಟ; ಒಂದನ್ನೇ ಓದಿ ತಾಳೆ ನೋಡಲು ಬರುವುದಿಲ್ಲ. ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿ ಅದೇ ರುಚಿಯನ್ನು ಪಡೆಯುವ ಉಪಾಯವನ್ನು ತಂತ್ರಾಂಶ ಕಲಿಸಬಹುದು. ಆ ರುಚಿಯ ಆಸೆಯನ್ನೇ ಒಂದು ಪಕ್ಷ ಬಿಟ್ಟು ನೋಡೋಣವೆಂಬ ಯೋಚನೆ ಉಣ್ಣುವವನಿಗೇ ಹುಟ್ಟಬೇಕು.

ಇನ್ನು ಅತಿಥಿಯ ಮಾತು. ತಿಥಿ ಗೊತ್ತುಮಾಡಿ ಬಾರದವನು ಅತಿಥಿ. ಅತಿಥಿಸಂವಿಭಾಗವನ್ನು ತತ್ತ್ವಾರ್ಥಸೂತ್ರವು ಶ್ರಾವಕನ ವ್ರತಗಳಲ್ಲಿ ಎಣಿಸಿದೆ. ದಿಗಂಬರ ಮುನಿಗಳು ತಮಗಾಗಿಯೇ ಮಾಡಿದ ಆಹಾರವನ್ನು ಸ್ವೀಕರಿಸುವುದಿಲ್ಲ. ಮನಸ್ಸಿನಲ್ಲಿ ಯಾವ ವಿಧಿ ಹಿಡಿದು ಹೊರಟಿದ್ದಾರೆಂಬುದು ಗೃಹಸ್ಥನಿಗೆ ತಿಳಿಯುವುದಿಲ್ಲ. ದಿನಕ್ಕೊಮ್ಮೆ, ನಿಂತು, ಕೈಯನ್ನೇ ಪಾತ್ರೆಯಾಗಿಸಿ ಉಣ್ಣುವ ಆ ಮಹಾತ್ಮರು ಯಾವ ಮನೆಯ ಮುಂದೆ ನಿಲ್ಲುವರೋ ಯಾವ ತಂತ್ರಾಂಶವೂ ಮುಂಗಾಣಲಾರದು. ಆದುದರಿಂದ ಗೃಹಸ್ಥನ ನಿತ್ಯದ ಅಡುಗೆಯೇ ದಾನಯೋಗ್ಯವಾಗಿರಬೇಕು. ಐದು ಜನರಿಗೆ ಐದು ಪಾಲೆಂದು ಅಳೆದು ಮುಗಿಸುವ ಯೋಜನೆಯಲ್ಲಿ ಆರನೆಯವನಿಗೆ ತಾವಿಲ್ಲ. ಪೋಲಾಗದಂತೆ ಅಳೆಯೋಣ, ಆದರೆ ಅತಿಥಿಯ ಒಂದು ಪಾಲನ್ನು ಸೇರಿಸಿಯೇ ಅಳೆಯೋಣ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲೇ ಊಟ ಒಂದೇ ಬಗೆಯಲ್ಲ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಅನ್ನ ಮುಖ್ಯ; ಅಡಿಕೆಯ ಸೀಮೆಯಾದ ನಮ್ಮ ಚನ್ನಗಿರಿಯಲ್ಲಿ ಅನ್ನವೂ ರೊಟ್ಟಿಯೂ ಸಮ; ಮಳೆ ಕಡಿಮೆಯ ಜಗಳೂರಿನಲ್ಲಿ ಜೋಳ, ರಾಗಿ. ಕನ್ನಡ ಮನೆಮಾತಿನ ಜೈನರ ಪದ್ಧತಿ ಒಂದು, ರಾಜಸ್ಥಾನ ಮೂಲದ ಶ್ವೇತಾಂಬರ ಬಂಧುಗಳ ಪಚ್ಚಕ್ಖಾಣದ ಕ್ರಮ ಇನ್ನೊಂದು. ದೂರದಲ್ಲಿ ಕುಳಿತ ಯಾರೋ ಒತ್ತಿದ ಒಂದೇ ಮುದ್ರೆ ಇಷ್ಟೆಲ್ಲವನ್ನೂ ಹೇಗೆ ಒಳಗೊಂಡೀತು?

ಇಷ್ಟು ಹೇಳಿ ದೋಷವನ್ನೆಲ್ಲ ಯಂತ್ರದ ತಲೆಗೆ ಕಟ್ಟಿದರೆ ಅದು ಅರ್ಧಸತ್ಯ. ಪಾರಣೆಯ ಆ ಸಂಜೆ ನನ್ನ ಮಡದಿಯ ತಾಯಿಯ ಕಾಲದ ಅಡುಗೆ ಟಿಪ್ಪಣಿ ಪುಸ್ತಕವನ್ನು ತೆಗೆದು ಓದಿದೆ. ಅದರಲ್ಲಿಯೂ ದ್ವಿದಳದ ಮಾತು ಒಂದೆಡೆಯೂ ಇಲ್ಲ! ಹಿಟ್ಟಿನ ಮರ್ಯಾದೆ ಇಲ್ಲ, ಯಾರಿಗೆ ಯಾವ ನಿಯಮವೆಂಬುದಿಲ್ಲ. ಪಕ್ಕದಲ್ಲಿ ನಿಂತು ಹೇಳುವ ಹಿರಿಯಳೊಬ್ಬಳು ಇದ್ದುದರಿಂದ ಬರೆಯುವ ಅಗತ್ಯ ಬೀಳಲಿಲ್ಲ. ಈಗ ಮಕ್ಕಳು ಬೆಂಗಳೂರಿನಲ್ಲಿ, ಪರದೇಶಗಳಲ್ಲಿ ಸಂಸಾರ ಹೂಡಿದ್ದಾರೆ, ಪಕ್ಕದಲ್ಲಿ ನಿಲ್ಲುವವರಿಲ್ಲ. ನಾವು ಗಂಡಸರು ಸ್ವಾಧ್ಯಾಯ ಸಭೆಗಳಲ್ಲಿ ಕರ್ಮಪ್ರಕೃತಿಗಳನ್ನು ಎಣಿಸುತ್ತ ಕುಳಿತೆವು. ಆಚಾರವನ್ನು ನಿಜವಾಗಿ ನಡೆಸಿದ ಸ್ತ್ರೀಯರ ತಿಳಿವಳಿಕೆಯನ್ನು ಬರೆದಿಡುವ ಯೋಗ್ಯತೆಯದೆಂದು ಭಾವಿಸಲಿಲ್ಲ. ಸೊಸೆಯ ಮೊಬೈಲಿನಲ್ಲಿ ಕಂಡ ಖಾಲಿ ಜಾಗ ನಾವೇ ಬಿಟ್ಟುಹೋದದ್ದು.

ಆದುದರಿಂದ ವಿಶ್ವಸ್ತ ಮಂಡಳಿಗೆ ನಾನು ನೀಡಿರುವ ಅಭಿಪ್ರಾಯ ಹೀಗಿದೆ. ತಂತ್ರಾಂಶವನ್ನು ಬಳಸಬಹುದು, ಲೆಕ್ಕಿಗನಾಗಿ, ಆಚಾರ್ಯನಾಗಿ ಅಲ್ಲ. ಹೊರಗಿನ ‘ಜೈನ್’ ಗುರುತನ್ನು ನಂಬದೆ, ಪ್ರತಿ ಪಾಕವನ್ನೂ ಅನುಭವವುಳ್ಳ ಇಬ್ಬರು ಶ್ರಾವಿಕೆಯರು ಓದಿ ಒಪ್ಪಿದ ಮೇಲೆಯೇ ಸೇರಿಸಬೇಕು. ಬಹುತೇಕ ಎಲ್ಲ ತಂತ್ರಾಂಶಗಳಲ್ಲಿಯೂ ಟಿಪ್ಪಣಿಗೆಂದು ಜಾಗವಿರುತ್ತದೆ. ಅಲ್ಲಿ ಸಂಯೋಗದೋಷ, ಹಿಟ್ಟು ನೀರುಗಳ ಮರ್ಯಾದೆ, ಯಾವ ಋತುವಿಗೆ ಸಲ್ಲದು, ಏಕೆ ಸಲ್ಲದು ಎಂಬುದನ್ನು ಕನ್ನಡದಲ್ಲಿ ಬರೆಯಬೇಕು. ಹಿಟ್ಟು ಬೀಸಿದ ದಿನಾಂಕವನ್ನು ಡಬ್ಬಿಯ ಮೇಲೂ ಯೋಜನೆಯಲ್ಲೂ ಗುರುತಿಸಬೇಕು. ಪರ್ವತಿಥಿಗಳನ್ನು ಪಂಚಾಂಗ ನೋಡಿ ವರ್ಷಾರಂಭದಲ್ಲೇ ತುಂಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಲೆಯ ಮುಂದೆ ಕುಳಿತವರನ್ನು “ತಮಗೇನು ನಿಯಮವಿದೆ?” ಎಂದು ಬಾಯಿಬಿಟ್ಟು ಕೇಳುವ ಪದ್ಧತಿಯನ್ನು ಬಿಡಬಾರದು. ಈ ಒಂದು ಪ್ರಶ್ನೆ ಕೇಳಿದ್ದರೆ ಅಂದು ಅಕ್ಕ ಹಸಿದು ಏಳುತ್ತಿರಲಿಲ್ಲ.

ಪಾರಣೆಯ ಮರುದಿನ ಕ್ಷಮಾವಾಣಿ. ಸೊಸೆ ಅಕ್ಕನ ಬಳಿ ಕ್ಷಮೆ ಕೇಳಲು ಹೋದಳು. ಆಕೆ ಬಾಗುವ ಮೊದಲೇ ಅಕ್ಕ ಕೈಜೋಡಿಸಿ, “ನೀನು ನನ್ನನ್ನು ಕ್ಷಮಿಸಬೇಕು ತಾಯೀ. ಗೊತ್ತಿದ್ದವಳು ನಾನು, ಹೇಳಿಕೊಡಲಿಲ್ಲ” ಎಂದಳು. ಅಂದು ಮಧ್ಯಾಹ್ನ ಅವರಿಬ್ಬರೂ ಕುಳಿತರು; ಅಕ್ಕ ಹೇಳುತ್ತ ಹೋದಳು, ಸೊಸೆ ಮೊಬೈಲಿನಲ್ಲಿ ಬರೆದುಕೊಳ್ಳುತ್ತ ಹೋದಳು. ಸೂರ್ಯಾಸ್ತಕ್ಕೆ ಎರಡು ಗಳಿಗೆ ಇರುವಾಗ ಅಕ್ಕ ತಾನೇ ಬರವಣಿಗೆ ನಿಲ್ಲಿಸಿ, “ಉಳಿದದ್ದು ನಾಳೆ, ಈಗ ಎಲ್ಲರಿಗೂ ಊಟಕ್ಕೆ ಹಾಕು” ಎಂದಳು. ಧರ್ಮಬಂಧುಗಳೂ ತಮ್ಮ ತಮ್ಮ ಮನೆಯ ಹಿರಿಯ ಶ್ರಾವಿಕೆಯರ ಬಳಿ, ಅವರಿರುವಾಗಲೇ, ಹೀಗೊಂದು ಮಧ್ಯಾಹ್ನ ಕುಳಿತುಕೊಳ್ಳಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.